ಕಂಡ ಮುಸಲ್ಮಾನರೂ ಕೇಳಿದ ಮುಸಲ್ಮಾನರೂ

ಜ್ಞಾನವು ಯಾವ ದಾರಿಯಿಂದ ಬಂದಿತೆಂಬದನ್ನು ನೋಡಿಯೇ ಅದರ ಬೆಲೆಯನ್ನು ಗೊತ್ತು ಮಾಡಬೇಕೆಂದು ನಮ್ಮ ತರ್ಕಶಾಸ್ತ್ರಕಾರರು ಹೇಳಿರುವರು. ಕಣ್ಣಾರೆ ಕಂಡುದು ಪ್ರತ್ಯಕ್ಷ. ಕಂಡುದರಿಂದ ಕಾಣದುದನ್ನು ತಿಳಿಯುವದು ಅನುಮಾನ. ಆಪ್ತನ ಬಾಯಿಂದ ಕೇಳಿದುದು ಶಬ್ದ. ಆಪ್ತನೆಂದರೆ ಇಲ್ಲಿ ನೆಂಟನಲ್ಲ. ಇದ್ದುದನ್ನು ಇದ್ದಂತೆ ಬಲ್ಲವನು, ಬಲ್ಲುದನ್ನು ಬಲ್ಲಂತೆ ನುಡಿಯುವವನು. ಈಗ ಅಂಗೈಯೊಳಗಿನ ಮೊಬೈಲಿನಲ್ಲಿ ಹಗಲಿರುಳು ಬಂದು ಬೀಳುವ ಮಾತುಗಳನ್ನು ಹೇಳುವವನಾರೆಂಬದೇ ತಿಳಿಯದು. ಆದರೂ ಅವು ಜಗುಲಿಯಿಂದ ಅಡಿಗೆಮನೆಯ ವರೆಗೆ ವೇದವಾಕ್ಯಗಳಾಗಿ ಸಾಗುತ್ತವೆ. ಮುಸಲ್ಮಾನರ ವಿಷಯವಾಗಿ ಹೀಗೆ ಬರುವ ಮಾತುಗಳನ್ನು ಈ ಪ್ರಮಾಣಗಳ ಒರೆಗಲ್ಲಿಗೆ ಹಚ್ಚಿ ನೋಡುವದು ಈ ಲೇಖನದ ಉದ್ದೇಶವು.

ಮೊದಲು ಪ್ರತ್ಯಕ್ಷವನ್ನು ನೋಡೋಣ. ನಮ್ಮ ದುಂಡಸಿಯು ಶಿಗ್ಗಾವಿ ತಾಲೂಕಿನ ಊರು. ಈ ಸೀಮೆಯ ಶಾಲೆಗಳಲ್ಲಿ ಹಾಜರಿ ತೆಗೆದುಕೊಂಡ ಮಾಸ್ತರರಿಗೆಲ್ಲ ಫಕೀರಪ್ಪ, ಫಕೀರವ್ವ, ಫಕೀರಗೌಡ ಎಂಬ ಹೆಸರುಗಳು ಚಿರಪರಿಚಿತವಾದವು. ಹೆಸರು ಫಕೀರರದು, ಮಕ್ಕಳು ಹಿಂದೂಗಳವು. ಗದಗ ಜಿಲ್ಲೆಯ ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ ಎರಡೂ ಮತಗಳವರು ನಡೆದುಕೊಳ್ಳುವರು. ಅಲ್ಲಿ ಹೊತ್ತ ಹರಕೆಯ ಗುರುತಾಗಿ ಈ ಹೆಸರುಗಳು ಮನೆಮನೆಯಲ್ಲಿ ಉಳಿದಿವೆ. ಹಾಗೆಯೇ ಹತ್ತಿಯನ್ನು ಹಿಂಜಿ ನಮಗೆ ಗಾದಿ ತುಂಬಿ ಕೊಟ್ಟ ಪಿಂಜಾರರ ಮನೆಮಾತು ಕನ್ನಡವು. ಮೊಹರಮ್ ಬಂದಿತೆಂದರೆ ಅಲಾವಿಯ ಕುಣಿಯ ಸುತ್ತ ಹೆಜ್ಜೆ ಹಾಕುವವರ ಜಾತಿಯನ್ನು ಯಾರೂ ಕೇಳುವದಿಲ್ಲ. ಕ್ರಿ. ಶ. ೬೮೦ರಲ್ಲಿ ಕರ್ಬಲಾದ ಮರಳಿನಲ್ಲಿ ನೀರಿಲ್ಲದೆ ಮಡಿದವರ ದುಃಖವನ್ನು ಉತ್ತರ ಕರ್ನಾಟಕದ ರೈತರು ಕನ್ನಡ ರಿವಾಯತ ಪದಗಳಲ್ಲಿ ಹಾಡುತ್ತ ಬಂದಿರುವರು. ಮುಸಲ್ಮಾನರ ಒಂದು ಮನೆಯೂ ಇಲ್ಲದ ಊರುಗಳಲ್ಲಿ ಸಹ ಈ ಹಬ್ಬವು ನಡೆಯುವದುಂಟು.

ಇದೇ ತಾಲೂಕಿನ ಶಿಶುನಾಳದಲ್ಲಿ ೧೮೧೯ರಲ್ಲಿ ಶರೀಫ ಸಾಹೇಬರು ಹುಟ್ಟಿದರು. ಹುಲಗೂರಿನ ಖಾದರಶಾವಲಿಯ ಅನುಗ್ರಹದಿಂದ ಹುಟ್ಟಿದ ಮಗನೆಂದು ಜನರು ಹೇಳುವರು. ಕೆಲಕಾಲ ಶಾಲೆಯ ಮಾಸ್ತರಿಕೆಯನ್ನು ಮಾಡಿ, ಆಮೇಲೆ ಕಳಸದ ಗೋವಿಂದಭಟ್ಟರೆಂಬ ಬ್ರಾಹ್ಮಣರನ್ನು ಗುರುಗಳೆಂದು ಹಿಡಿದರು. ಭಟ್ಟರು ಶಿಷ್ಯನಿಗೆ ಜನಿವಾರ ಹಾಕಿದರೆಂದೂ, ಎರಡೂ ಕಡೆಯ ಜಾತಿಬಾಂಧವರು ಇಬ್ಬರನ್ನೂ ಹಳಿದರೆಂದೂ, ಗುರುಶಿಷ್ಯರು ಅದನ್ನು ಲೆಕ್ಕಿಸಲಿಲ್ಲವೆಂದೂ ಜನಶ್ರುತಿಯಿದೆ. ೧೮೮೯ರಲ್ಲಿ ಶರೀಫರು ದೇಹ ಬಿಟ್ಟರು. ಅವರ ಗದ್ದುಗೆಗೆ ಇಂದಿಗೂ ಹಿಂದೂಗಳೂ ಮುಸಲ್ಮಾನರೂ ತಲೆಬಾಗುವರು. ಅವರ ತತ್ವಪದಗಳು ಭಜನೆಯ ಮೇಳದಲ್ಲಿಯೂ ರೇಡಿಯೋದಲ್ಲಿಯೂ ೧೯೯೦ರ ಚಲಚ್ಚಿತ್ರದಲ್ಲಿಯೂ ಕೇಳಿಬಂದು ಕನ್ನಡ ನಾಡಿನ ಸೊತ್ತಾಗಿವೆ. ನಾವು ಕಣ್ಣಾರೆ ಕಂಡ ಮುಸಲ್ಮಾನರು ಇಂಥವರು.

ಇನ್ನು ಅನುಮಾನದ ಮಾತು. ‘ಎಲ್ಲಿಯೋ ಒಬ್ಬ ಮುಸಲ್ಮಾನನು ಕೊಲೆ ಮಾಡಿದನು, ಆದುದರಿಂದ ಮುಸಲ್ಮಾನರೆಲ್ಲರೂ ಅಂಥವರೇ’ ಎಂಬುದು ಇಂದು ಲೋಕದಲ್ಲೆಲ್ಲ ಕೇಳಿಬರುವ ಅನುಮಾನವು. ತರ್ಕದಲ್ಲಿ ಇದಕ್ಕೆ ಸರಿಯಾದ ದೃಷ್ಟಾಂತವುಂಟು. ಹೊಗೆಯಿದ್ದಲ್ಲಿ ಬೆಂಕಿಯುಂಟೆನ್ನುವದು ನಿಜ. ಆದರೆ ಬೆಂಕಿಯಿದ್ದಲ್ಲೆಲ್ಲ ಹೊಗೆಯುಂಟೆನ್ನುವದು ಸುಳ್ಳು. ಕಾಯ್ದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹಾಗಾದರೆ ಹೊಗೆಯು ಎಲ್ಲಿಂದ ಬಂದಿತು? ಹಸಿ ಕಟ್ಟಿಗೆಯಿಂದ! ಶಾಸ್ತ್ರಜ್ಞರು ಇದನ್ನು ಉಪಾಧಿಯೆನ್ನುವರು. ಸೌದೆಯ ಒಲೆಯ ಮುಂದೆ ಕಣ್ಣೀರು ಸುರಿಸಿದ ಗೃಹಿಣಿಯರಿಗೆ ಇದನ್ನು ಶಾಸ್ತ್ರದಿಂದ ಕಲಿಯಬೇಕಾಗಿಲ್ಲ. ಮತದ ಹೆಸರಿನಲ್ಲಿ ಹಿಂಸೆ ನಡೆದಾಗ ಉರಿಯುವ ಹಸಿ ಕಟ್ಟಿಗೆ ಯಾವುದೆಂಬದನ್ನು ಮೊದಲು ಹುಡುಕಬೇಕು. ಅದು ಅಧಿಕಾರದ ಆಸೆಯಾಗಿರಬಹುದು, ನೆಲದ ಆಸೆಯಾಗಿರಬಹುದು, ಹಳೆಯ ಸೇಡಾಗಿರಬಹುದು.

ನೆರೆಯ ಸವಣೂರಿನ ಇತಿಹಾಸವನ್ನೇ ನೋಡಿರಿ. ಉತ್ತರಾದಿ ಮಠದ ಶ್ರೀ ಸತ್ಯಬೋಧತೀರ್ಥರ ವೃಂದಾವನವಿರುವದು ನವಾಬರ ಆ ರಾಜಧಾನಿಯಲ್ಲಿಯೇ. ೧೭೮೬ರಲ್ಲಿ ಟೀಪು ಸುಲ್ತಾನನು ಸವಣೂರನ್ನು ಹಿಡಿದಾಗ ಅಲ್ಲಿಯ ನವಾಬ ಅಬ್ದುಲ ಹಕೀಮಖಾನನು ಪೇಶವೆಯ ಮರಾಠರ ಪಕ್ಷದಲ್ಲಿದ್ದನು. ಈ ಎರಡು ಮನೆತನಗಳಲ್ಲಿ ಬೀಗತನವೂ ಇದ್ದಿತು. ಮತವೊಂದೇ ಯುದ್ಧದ ಕಾರಣವಾಗಿದ್ದರೆ ಮುಸಲ್ಮಾನನಾದ ನವಾಬನು ಮುಸಲ್ಮಾನನಾದ ಬೀಗನನ್ನು ಬಿಟ್ಟು ಹಿಂದೂಗಳ ಸೈನ್ಯವನ್ನು ಏಕೆ ಕೂಡಿಕೊಂಡನು? ನೆಲ ಮತ್ತು ಕಪ್ಪಕಾಣಿಕೆ, ಇವೇ ಅಲ್ಲಿಯ ಹಸಿ ಕಟ್ಟಿಗೆಗಳು.

ದೂರದ ಲೋಕದಲ್ಲಿಯೂ ಇದೇ ನ್ಯಾಯವು. ೨೦೦೧ನೆಯ ಸಪ್ಟೆಂಬರ ೧೧ರಂದು ಅಮೇರಿಕೆಯಲ್ಲಿ ಸುಮಾರು ಮೂರು ಸಾವಿರ ಜನರನ್ನು ಕೊಂದವರು ಇಸ್ಲಾಮಿನ ಹೆಸರನ್ನೇ ಹೇಳಿದರು. ಅದು ಮಹಾಪಾಪವು, ಅದನ್ನು ಮರೆಮಾಚುವದು ವಿಚಾರವಂತರ ಲಕ್ಷಣವಲ್ಲ. ಆದರೆ ೨೦೧೪ನೆಯ ದಶಂಬರದಲ್ಲಿ ಪಾಕಿಸ್ತಾನದ ಪೇಶಾವರದ ಶಾಲೆಯೊಂದರಲ್ಲಿ ನೂರಮೂವತ್ತಕ್ಕೂ ಹೆಚ್ಚು ಮಕ್ಕಳು ತಾಲಿಬಾನಿಗಳ ಗುಂಡಿಗೆ ಬಲಿಯಾದರು. ಕೊಂದವರು ಹೇಳಿಕೊಂಡ ಮತವೇ ಸತ್ತ ಕೂಸುಗಳದೂ ಆಗಿದ್ದಿತು. ೨೦೧೯ನೆಯ ಮಾರ್ಚಿ ೧೫ರಂದು ನ್ಯೂಜಿಲಂಡದ ಕ್ರೈಸ್ಟಚರ್ಚಿನಲ್ಲಿ ಎರಡು ಮಸೀದೆಗಳಲ್ಲಿ ಪ್ರಾರ್ಥನೆಗೆ ಕೂಡಿದ್ದ ಐವತ್ತೊಂದು ಜನರು ಒಬ್ಬನ ಕೈಯಿಂದ ಹತರಾದರು. ಮುಸಲ್ಮಾನರೆಲ್ಲರೂ ವೈರಿಗಳೆಂಬ ಕೆಟ್ಟ ಅನುಮಾನದ ಕೊನೆಯ ಫಲವು ಅದು. ಇದೇ ತಾರೀಖನ್ನು ಇಸ್ಲಾಂದ್ವೇಷದ ವಿರುದ್ಧ ಜಾಗತಿಕ ದಿನವೆಂದು ೨೦೨೨ರಲ್ಲಿ ವಿಶ್ವಸಂಸ್ಥೆಯು ಗೊತ್ತು ಮಾಡಿದೆ.

ಮುಸಲ್ಮಾನರಲ್ಲಿ ದೋಷಗಳೇ ಇಲ್ಲವೆಂದು ನಾನು ಹೇಳುವದಿಲ್ಲ. ಯಾವ ಸಮಾಜದಲ್ಲಿ ಇಲ್ಲ? ಆದರೆ ಆ ದೋಷಗಳನ್ನು ಆಪ್ತರಾಗಿ ಹೇಳಬಲ್ಲವರು ಒಳಗಿನವರು. ಹಾಸನದ ಬಾನು ಮುಷ್ತಾಕರು ಕನ್ನಡದಲ್ಲಿ ತಮ್ಮ ಸಮಾಜದ ಹೆಣ್ಣುಮಕ್ಕಳ ಕಷ್ಟಗಳನ್ನು ಕಥೆಗಳಾಗಿ ಬರೆದರು. ಮಸೀದೆಯೊಳಗೆ ಹೆಂಗಸರಿಗೂ ಪ್ರವೇಶವಿರಬೇಕೆಂದುದಕ್ಕೆ ೨೦೦೦ದಲ್ಲಿ ತಮ್ಮವರಿಂದಲೇ ಬಹಿಷ್ಕಾರವನ್ನು ಅನುಭವಿಸಿದರು. ದೀಪಾ ಭಾಸ್ತಿಯವರು ಇಂಗ್ಲಿಷಿಗೆ ತಂದ ಅವರ ಹನ್ನೆರಡು ಕಥೆಗಳಿಗೆ ೨೦೨೫ನೆಯ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಬುಕರ ಪ್ರಶಸ್ತಿಯು ಬಂದಿತು. ಅದೇ ವರುಷದ ಮೈಸೂರು ದಸರೆಯ ಉದ್ಘಾಟನೆಗೆ ಅವರನ್ನು ಕರೆದಾಗ ಕೆಲವರು ಮತದ ಕಾರಣದಿಂದ ನ್ಯಾಯಾಲಯದ ಮೆಟ್ಟಲೇರಿದರು. ಉಚ್ಚ ನ್ಯಾಯಾಲಯವೂ ಸರ್ವೋಚ್ಚ ನ್ಯಾಯಾಲಯವೂ ಆ ಅರ್ಜಿಗಳನ್ನು ತಳ್ಳಿಹಾಕಿದವು. ೨೦೧೭ರಲ್ಲಿ ಕವಿ ನಿಸಾರ ಅಹಮದರು ನಿಂತ ಸ್ಥಾನದಲ್ಲಿ ಸಪ್ಟೆಂಬರ ೨೨ರಂದು ಬಾನು ಅವರು ನಿಂತು ತಾಯಿ ಚಾಮುಂಡಿಗೆ ಹೂವು ಅರ್ಪಿಸಿದರು. ಶರೀಫರ ಕಾಲದಲ್ಲಿ ಕೇಳಿದ ಎರಡೂ ಕಡೆಯ ನಿಂದೆಯೇ ಈಕೆಯ ಪಾಲಿಗೂ ಬಂದಿತೆಂಬದನ್ನು ವಾಚಕರು ಗಮನಿಸಬೇಕು.

ಜಗತ್ತಿನಲ್ಲಿ ಸುಮಾರು ಇನ್ನೂರು ಕೋಟಿ ಮುಸಲ್ಮಾನರಿರುವರು. ೨೦೧೧ರ ಜನಗಣತಿಯಂತೆ ನಮ್ಮ ನಾಡಿನ ನೂರು ಜನರಲ್ಲಿ ಸುಮಾರು ಹದಿಮೂರು ಜನರು ಮುಸಲ್ಮಾನರು. ಇಷ್ಟು ಜನರನ್ನು ಒಂದೇ ಮಾತಿನಲ್ಲಿ ಅಳೆಯಬಲ್ಲ ಕೊಳಗವು ಯಾರ ಮನೆಯಲ್ಲಿದೆ? ಏಳೆಂಟು ವರುಷದ ಹುಡುಗನೊಬ್ಬನು ಜೊತೆಯ ಸಾಬರ ಹುಡುಗನಿಗೆ ‘ನೀ ಪಾಕಿಸ್ತಾನಕ್ಕ ಹೋಗು’ ಎಂದರೆ, ಆ ಮಾತು ಪಠ್ಯಪುಸ್ತಕದ್ದಲ್ಲ. ದೊಡ್ಡವರು ಮನೆಯಲ್ಲಿ ಓದಿ ನಕ್ಕದ್ದು. ಕೇಳಿದ ಕೂಸು ಅದನ್ನು ಮುಪ್ಪಿನ ವರೆಗೂ ಮರೆಯಲಾರದು. ಆದುದರಿಂದ ಅಂಥ ಸುದ್ದಿಯು ಬಂದಾಗ ಮನೆಯ ಹಿರಿಯರು ಮಕ್ಕಳೆದುರಿಗೆ ಮೂರು ಪ್ರಶ್ನೆಗಳನ್ನು ಕೇಳಲಿ: ಇದನ್ನು ಹೇಳಿದವರಾರು? ಅವರು ಕಂಡು ಹೇಳಿದರೋ ಕೇಳಿ ಹೇಳಿದರೋ? ಒಬ್ಬನ ತಪ್ಪನ್ನು ಎಷ್ಟು ಜನರ ತಲೆಗೆ ಕಟ್ಟುತ್ತಿರುವರು? ಉತ್ತರ ದೊರೆಯದ ಸುದ್ದಿಯನ್ನು ಮುಂದಕ್ಕೆ ಕಳಿಸದಿರುವದೂ ಒಂದು ವ್ರತವು. ರಂಜಾನಿಗೆ ಅವರ ಮನೆಯ ಸುರಕುಂಬಾ ಇತ್ತ ಬರಲಿ. ಯುಗಾದಿಗೆ ನಮ್ಮ ಮನೆಯ ಹೋಳಿಗೆ ಅತ್ತ ಹೋಗಲಿ. ಪ್ರತ್ಯಕ್ಷ ಪ್ರಮಾಣವು ಸವೆಯದಂತೆ ಕಾಯುವದಕ್ಕೆ ಇದಕ್ಕಿಂತ ಸುಲಭವಾದ ಉಪಾಯವಿಲ್ಲ.