ಸೀದ ರುಚಿಯ ಸೂಚನೆ

ಧೂಮಪಾನದ ಚಟದಿಂದ ಬಿಡಿಸಿಕೊಳ್ಳಲೆಂದು ವಿದ್ಯುತ್ ಸಿಗರೇಟನ್ನು ಆಶ್ರಯಿಸಿದವರು ಬ್ರಿಟನ್ನಿನಲ್ಲಿ ಬಹಳ ಮಂದಿ. ಉದ್ಯೋಗಕ್ಕಾಗಿ ಅಲ್ಲಿಗೆ ತೆರಳಿದ ನಮ್ಮವರ ಮಕ್ಕಳಲ್ಲಿಯೂ ಕೆಲವರು ಇದಕ್ಕೆ ಹೊರತಲ್ಲ. ಒಮ್ಮೆ ಸೇದಿ ಎಸೆಯುವ ಉಪಕರಣಗಳ ಮಾರಾಟವು 2025ರ ಜೂನ್ 1ರಿಂದ ಆ ದೇಶದಲ್ಲಿ ನಿಷಿದ್ಧವಾಗಿದೆ. ಮರಳಿ ತುಂಬಿ ಬಳಸುವಂಥವಕ್ಕೆ ಅನುಮತಿಯುಂಟು. ಇವುಗಳಲ್ಲಿ ತಂತಿಯ ಸುರುಳಿಯನ್ನು ತಾವೇ ಸುತ್ತಿ, ಹತ್ತಿಯ ಬತ್ತಿಯನ್ನು ತಾವೇ ಕೂರಿಸಿಕೊಳ್ಳುವ ಒಂದು ಬಗೆಯಿದೆ. ಅದನ್ನು ಬಳಸುವವರನ್ನು ಪದೇ ಪದೇ ಕಾಡುವ ತೊಂದರೆಯೆಂದರೆ ಸೀದ ರುಚಿ. ಗಂಟಲನ್ನು ಕೆರೆದು, ಕೆಮ್ಮು ತರಿಸಿ, ಬಹಳ ಹೊತ್ತು ನಾಲಗೆಯ ಮೇಲೆ ನಿಲ್ಲುವ ಈ ರುಚಿಯು ಏಕೆ ಬರುತ್ತದೆ, ಅದನ್ನು ಲೆಕ್ಕಿಸದೆ ಸೇದಿದರೆ ಏನಾಗುತ್ತದೆ ಎಂಬುದನ್ನು ತಂದೆತಾಯಿಗಳೂ ತಿಳಿದಿರುವುದು ಒಳ್ಳೆಯದು.

ಉಪಕರಣದ ರಚನೆ ಸರಳವಾದುದು. ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂಗಳ ಮಿಶ್ರಲೋಹವಾದ ಕಾಂಥಾಲ್‌ನ ಅಥವಾ ನೈಕ್ರೋಮ್‌ನ ಸುರುಳಿ. ಅದರ ನಡುವೆ ಬತ್ತಿ. ಬತ್ತಿಯ ತುದಿಗಳು ಪ್ರೊಪಿಲೀನ್ ಗ್ಲೈಕಾಲ್ ಮತ್ತು ಗ್ಲಿಸರಿನ್ ಬೆರೆತ ದ್ರವದಲ್ಲಿ. ಮೊದಲನೆಯದು ಸುಮಾರು 188 ಡಿಗ್ರಿ ಸೆಂಟಿಗ್ರೇಡಿನಲ್ಲಿಯೂ ಎರಡನೆಯದು ಸುಮಾರು 290 ಡಿಗ್ರಿಯಲ್ಲಿಯೂ ಕುದಿಯುತ್ತವೆ. ಬತ್ತಿ ಒದ್ದೆಯಾಗಿರುವ ತನಕ ಶಾಖವೆಲ್ಲ ದ್ರವವನ್ನು ಆವಿಯಾಗಿಸುವುದರಲ್ಲಿ ವ್ಯಯವಾಗಿ ಸುರುಳಿಯು ಮಿತಿಮೀರಿ ಕಾಯುವುದಿಲ್ಲ. ಬತ್ತಿ ಒಣಗಿತೆಂದರೆ ಉಷ್ಣತೆ ಥಟ್ಟನೆ ಏರಿ ಹತ್ತಿಯೇ ಸೀಯುತ್ತದೆ. ಎಣ್ಣೆ ತೀರಿದ ದೇವರ ದೀಪದಲ್ಲಿ ಬತ್ತಿ ಕರಿಯಾಗುವುದನ್ನು ನಾವೆಲ್ಲರೂ ಕಂಡವರೇ. ಬ್ಯಾಂಕಿನವನ ಭಾಷೆಯಲ್ಲಿ ಹೇಳುವುದಾದರೆ, ಇದು ಜಮೆಗಿಂತ ಖರ್ಚು ಮೀರಿದ ಖಾತೆ.

ಆದುದರಿಂದ ದೋಷವನ್ನು ಮೊದಲು ಜಮೆಯ ಪಕ್ಕದಲ್ಲಿ ಹುಡುಕಬೇಕು. ಹತ್ತಿಯನ್ನು ಬಿಗಿಯಾಗಿ ತುರುಕಿದರೆ ದ್ರವವು ಅದರಲ್ಲಿ ಏರಲಾರದು. ತೀರ ಸಡಿಲವಾದರೆ ತಂತಿಗೂ ಹತ್ತಿಗೂ ನಡುವೆ ಸಂದು ಉಳಿದು ಅಲ್ಲಲ್ಲಿ ಅತಿಯಾಗಿ ಕಾಯುತ್ತದೆ. ಎಳೆದಾಗ ತುಸುವೇ ತಡೆದು ಜಾರುವ, ಆದರೆ ಸುರುಳಿಯನ್ನು ಬಾಗಿಸದಷ್ಟು ಹತ್ತಿ ಸರಿಯಾದ ಪ್ರಮಾಣ. ತುದಿಗಳು ಉದ್ದವಾಗಿ ಮುದ್ದೆಗಟ್ಟಿದರೆ ದ್ರವದ ದಾರಿ ಮುಚ್ಚುತ್ತದೆ; ಗಿಡ್ಡವಾದರೆ ದ್ರವವನ್ನು ಮುಟ್ಟುವುದೇ ಇಲ್ಲ. ಹೊಸ ಬತ್ತಿಯನ್ನು ಪೂರ್ತಿ ನೆನೆಯುವ ಮೊದಲೇ ಕಾಯಿಸುವುದು ಆತುರಗಾರರ ಅಭ್ಯಾಸ. ಗ್ಲಿಸರಿನ್ ಹೆಚ್ಚಿರುವ ದ್ರವ ಮಂದವಾದುದು. ಚಳಿಯ ದಿನಗಳಲ್ಲಿ ಇನ್ನೂ ನಿಧಾನವಾಗಿ ಹರಿಯುತ್ತದೆ. ಬಿಡುವಿಲ್ಲದೆ ಸೇದುವವನ ಬತ್ತಿ ಮತ್ತೆ ನೆನೆಯಲು ಅವಕಾಶವೇ ಇರುವುದಿಲ್ಲ.

ಇನ್ನು ಖರ್ಚಿನ ಪಕ್ಕ. ನಿಯಂತ್ರಣವಿಲ್ಲದ ಉಪಕರಣದಲ್ಲಿ ವೋಲ್ಟೇಜಿನ ವರ್ಗವನ್ನು ರೋಧದಿಂದ ಭಾಗಿಸಿದರೆ ಶಕ್ತಿ ಎಷ್ಟೆಂದು ತಿಳಿಯುತ್ತದೆ. ಪೂರ್ಣ ಚಾರ್ಜಾದ 4.2 ವೋಲ್ಟಿನ ಬ್ಯಾಟರಿಗೆ 0.5 ಓಮ್ ಸುರುಳಿ ಹಚ್ಚಿದರೆ ಸುಮಾರು 35 ವಾಟ್, 0.25 ಓಮ್ ಆದರೆ ಸುಮಾರು 70 ವಾಟ್. ಬತ್ತಿ ಮಾತ್ರ ಅದೇ ಬತ್ತಿ! ಎರಡನೆಯ ಸುರುಳಿಯು ಸುಮಾರು 17 ಆಂಪಿಯರ್ ವಿದ್ಯುತ್ತನ್ನು ಎಳೆಯುತ್ತದೆ. ಅಷ್ಟನ್ನು ತಾಳದ ಲಿಥಿಯಂ ಬ್ಯಾಟರಿ ಕಾದು ಸಿಡಿಯಲೂಬಹುದಾದುದರಿಂದ ಇಲ್ಲಿ ಅಂದಾಜಿನ ಲೆಕ್ಕ ಸಲ್ಲದು. ಇವೆಲ್ಲ ಸರಿಯಿದ್ದೂ ರುಚಿ ಕೆಟ್ಟರೆ ಹಳೆಯ ಸುರುಳಿಯನ್ನು ನೋಡಬೇಕು. ದ್ರವದಲ್ಲಿ ಬೆರೆಸಿದ ಸಿಹಿಯ ಅಂಶವು ಅದರ ಮೇಲೆ ಕಪ್ಪು ಹೊರಪೊರೆಯಾಗಿ ಕಟ್ಟಿರುತ್ತದೆ. ಒಮ್ಮೆ ಸೀದ ಹತ್ತಿಯನ್ನಂತೂ ಎಸೆಯುವುದೇ ಸರಿ. ಪರಿಮಳದ ದ್ರವ ಸುರಿದು ಆ ರುಚಿಯನ್ನು ಮರೆಮಾಚುವವರಿದ್ದಾರೆ. ಅದು ಸೂಚನೆಯ ಗಂಟೆಗೆ ಬಟ್ಟೆ ಸುತ್ತಿದಂತೆ.

ಏಕೆಂದರೆ ಇದು ಕೇವಲ ರುಚಿಯ ಪ್ರಶ್ನೆಯಲ್ಲ. ಅತಿಯಾಗಿ ಕಾದ ಗ್ಲಿಸರಿನ್ ಒಡೆದು ಅಕ್ರೋಲಿನ್ ಆಗುತ್ತದೆ. ಬಾಣಲೆಯ ಎಣ್ಣೆ ಹೊಗೆಯಾಡಿದಾಗ ಕಣ್ಣುಗಂಟಲುಗಳನ್ನು ಉರಿಸುವುದರಲ್ಲಿ ಇದರ ಪಾಲೂ ಉಂಟು. ಜೊತೆಗೆ ಫಾರ್ಮಾಲ್ಡಿಹೈಡ್ ಹುಟ್ಟುತ್ತದೆ. ಇದು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ನಿರ್ಣಯಿಸಿದೆ. ಅಮೆರಿಕದ ಪೋರ್ಟ್‌ಲೆಂಡ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಉಪಕರಣವನ್ನು ಪರೀಕ್ಷಿಸಿ, 3.3 ವೋಲ್ಟಿನಲ್ಲಿ ಕಾಣದ ಫಾರ್ಮಾಲ್ಡಿಹೈಡ್ ಸಂಯುಕ್ತಗಳು 5 ವೋಲ್ಟಿನಲ್ಲಿ ಕಂಡವೆಂದು 2015ರಲ್ಲಿ ಪ್ರಕಟಿಸಿದರು. ಗ್ರೀಸಿನ ಹೃದಯತಜ್ಞ ಫರ್ಸಲಿನೋಸ್ ಮತ್ತು ಸಂಗಡಿಗರು ಅದೇ ವರ್ಷ ಇದನ್ನು ಆಕ್ಷೇಪಿಸಿ, ಅಷ್ಟು ವಿಷ ಹುಟ್ಟುವುದು ಬತ್ತಿ ಒಣಗಿದಾಗ ಮಾತ್ರ, ಆ ಅಸಹ್ಯ ರುಚಿಯನ್ನು ಯಾರೂ ಸೇದುವುದಿಲ್ಲ ಎಂದು ವಾದಿಸಿದರು. ವಾದದಲ್ಲಿ ಹುರುಳಿದೆ. ಆದರೆ ಸಿಗರೇಟಿನಿಂದ ಜಡ್ಡುಗಟ್ಟಿದ ನಾಲಗೆಯನ್ನು ಕಾವಲಿಗೆ ನಿಲ್ಲಿಸುವುದು ನನಗೆ ಒಪ್ಪಿಗೆಯಾಗದು. ಅಲ್ಲದೆ ಸೀದ ರುಚಿಯಿಲ್ಲದ ಆವಿಯೂ ನಿರ್ಮಲವೆನ್ನುವಂತಿಲ್ಲ. ಸುರುಳಿಯ ಸಂಪರ್ಕಕ್ಕೆ ಬಂದ ದ್ರವದಲ್ಲಿ ಸೀಸ, ನಿಕ್ಕಲ್, ಕ್ರೋಮಿಯಂಗಳು ಹೆಚ್ಚುವುದನ್ನು ಜಾನ್ಸ್ ಹಾಪ್ಕಿನ್ಸ್ ಸಂಶೋಧಕರು 2018ರಲ್ಲಿ ತೋರಿಸಿದ್ದಾರೆ. ಸಿಗರೇಟಿಗಿಂತ ಇದರ ಹಾನಿ ಕಡಿಮೆಯೆಂದು ಬ್ರಿಟನ್ನಿನ ಆರೋಗ್ಯ ಇಲಾಖೆ ಹೇಳುವುದು ಸಿಗರೇಟು ಸೇದುವವರನ್ನು ಕುರಿತು. ಎಂದೂ ಸೇದದವರಿಗೆ ಇದನ್ನು ಅದು ಶಿಫಾರಸು ಮಾಡಿಲ್ಲ.

ಕೊನೆಯದಾಗಿ ಒಂದು ವ್ಯವಹಾರದ ಮಾತು. ನಮ್ಮ ದೇಶದಲ್ಲಿ 2019ರ ಕಾಯಿದೆಯು ವಿದ್ಯುತ್ ಸಿಗರೇಟುಗಳ ತಯಾರಿಕೆ, ಆಮದು, ಮಾರಾಟ, ದಾಸ್ತಾನು, ಜಾಹೀರಾತುಗಳನ್ನು ನಿಷೇಧಿಸಿದೆ. ಆಮದು ಅಥವಾ ಮಾರಾಟದ ಮೊದಲ ಅಪರಾಧಕ್ಕೇ 1 ವರ್ಷದವರೆಗೆ ಸೆರೆವಾಸ ಇಲ್ಲವೆ 1 ಲಕ್ಷ ರೂಪಾಯಿಗಳವರೆಗೆ ದಂಡ, ಅಥವಾ ಎರಡೂ ಉಂಟು. ಆದುದರಿಂದ ರಜೆಗೆ ಬರುವ ಮಕ್ಕಳು ಸುರುಳಿ, ಬತ್ತಿ, ದ್ರವಗಳನ್ನೆಲ್ಲ ಅಲ್ಲಿಯೇ ಬಿಟ್ಟು ವಿಮಾನ ಹತ್ತುವಂತೆ ಮುಂಚಿತವಾಗಿಯೇ ತಿಳಿಸತಕ್ಕದ್ದು.