ಬದಲಿ ಕ್ವಾರ್ಟರ್‌ಬ್ಯಾಕ್: ನಂಬಿಕೆ ಒಂದು, ನಡೆದದ್ದು ಇನ್ನೊಂದು

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ನೆಲಕ್ಕೆ ಬಿದ್ದು ಮತ್ತೆ ಏಳದೇ ಹೋದರೆ, ಸ್ಟ್ರೆಚರ್ ಮೈದಾನ ದಾಟುವ ಮೊದಲೇ ಅಭಿಮಾನಿಗಳು ಎರಡು ಪಂಗಡವಾಗಿರುತ್ತಾರೆ. ಒಂದು ಪಂಗಡದ ಪ್ರಕಾರ ಈ ಸೀಸನ್ ಕಥೆ ಮುಗಿಯಿತು. ಇನ್ನೊಂದು ಪಂಗಡಕ್ಕೆ ಬೆಂಚಿನಿಂದ ಎದ್ದು ಹೆಲ್ಮೆಟ್ ಹಾಕಿಕೊಳ್ಳುತ್ತಿರುವ ಹುಡುಗನೇ ನಾಳಿನ ಹೀರೊ. ಉದಾಹರಣೆ ಇಬ್ಬರ ಹತ್ತಿರವೂ ಇದೆ. ತಮಗೆ ಒಗ್ಗದ ಉದಾಹರಣೆಯನ್ನು ಇಬ್ಬರೂ ಮರೆತಿದ್ದಾರೆ, ಅಷ್ಟೆ.

ಈ ಆಟ ನೋಡಿ ಅಭ್ಯಾಸವಿಲ್ಲದವರಿಗಾಗಿ ಸ್ವಲ್ಪ ವಿವರಣೆ. ಹನ್ನೊಂದು ಜನ ಚೆಂಡಿನೊಂದಿಗೆ ಮುನ್ನುಗ್ಗುವಾಗ ಹೆಚ್ಚುಕಡಿಮೆ ಪ್ರತಿ ಸಲವೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ದೂರಕ್ಕೆ ಎಸೆಯಬೇಕೋ, ಪಕ್ಕದವನಿಗೆ ಕೊಡಬೇಕೋ, ತಾನೇ ಓಡಬೇಕೋ ಎಂದು ಎರಡು ಮೂರು ಸೆಕೆಂಡಿನಲ್ಲಿ ತೀರ್ಮಾನವಾಗಬೇಕು. ಕ್ರಿಕೆಟ್‌ನ ಹನ್ನೆರಡನೇ ಆಟಗಾರ ಒಳಗೆ ಬಂದರೆ ಫೀಲ್ಡಿಂಗ್ ಮಾಡಿಕೊಂಡಿರಬಹುದು, ಬ್ಯಾಟಿಂಗ್ ಬೌಲಿಂಗ್ ಅವನ ತಲೆನೋವಲ್ಲ. ಇಲ್ಲಿ ಬದಲಿಯಾಗಿ ಬಂದವನಿಗೆ ಅಂಥ ರಿಯಾಯಿತಿ ಇಲ್ಲ. ಹಾಗಾಗಿಯೇ 'ಅವನನ್ನು ನಂಬಬಹುದಾ?' ಎಂಬ ಪ್ರಶ್ನೆ ಇಷ್ಟು ಜೋರಾಗಿ ಏಳುತ್ತದೆ. ನನ್ನನ್ನು ಕೇಳಿದರೆ ಆ ಪ್ರಶ್ನೆಯೇ ಅರ್ಧ ದಾರಿ ತಪ್ಪಿದೆ. ತಯಾರಿಗೆ ಅವನಿಗೆ ಎಷ್ಟು ದಿನ ಸಿಕ್ಕಿತು, ಜೊತೆಗಿರುವ ಹತ್ತು ಜನ ಎಂಥವರು ಎಂದು ಕೇಳಿದರೆ ಉತ್ತರ ಬೇಗ ಸಿಗುತ್ತದೆ.

ತಪ್ಪು ಕಲ್ಪನೆ: ಸ್ಟಾರ್ಟರ್ ಹೋದರೆ ಸೀಸನ್ ಹೋಯಿತು

ಇದಕ್ಕೆ ಎಲ್ಲರೂ ಕೊಡುವ ಉತ್ತರ ಓಹಾಯೊ ಸ್ಟೇಟ್, 2014. ಸೀಸನ್ ಶುರುವಾಗುವ ಮೊದಲೇ, ಆಗಸ್ಟ್‌ನಲ್ಲಿ, ಬ್ರ್ಯಾಕ್ಸ್‌ಟನ್ ಮಿಲ್ಲರ್ ಭುಜ ಕೈಕೊಟ್ಟಿತು. ಹಿಂದಿನ ವರ್ಷ ಒಂದು ಪಂದ್ಯವನ್ನೂ ಆಡದ ಜೆ.ಟಿ. ಬ್ಯಾರೆಟ್ ಆ ಜಾಗಕ್ಕೆ ಬಂದ. ಎರಡನೇ ಪಂದ್ಯದಲ್ಲೇ ವರ್ಜೀನಿಯಾ ಟೆಕ್ ಎದುರು 35-21ರಿಂದ ಸೋಲು. 'ನೋಡಿದಿರಾ, ಹೇಳಿರಲಿಲ್ಲವೇ' ಎಂದವರು ಎಷ್ಟೋ ಮಂದಿ. ಆಮೇಲೆ ತಂಡ ಸಾಲಾಗಿ ಗೆಲ್ಲುತ್ತ ಹೋಯಿತು. ನವೆಂಬರ್ ಕೊನೆಯಲ್ಲಿ, ಮಿಷಿಗನ್ ಎದುರಿನ ಪಂದ್ಯದಲ್ಲಿ, ಬ್ಯಾರೆಟ್‌ನ ಕಣಕಾಲು ಮುರಿಯಿತು. ಉಳಿದವನು ಮೂರನೆಯವನು, ಕಾರ್ಡೇಲ್ ಜೋನ್ಸ್. ಕಾಲೇಜಿನಲ್ಲಿ ಅವನು ಮೊದಲ ಸಲ ಸ್ಟಾರ್ಟರ್ ಆಗಿ, ಅಂದರೆ ಪಂದ್ಯದ ಮೊದಲಿನಿಂದಲೇ ಆಡುವವನಾಗಿ, ಇಳಿದದ್ದು ತಂಡ ಆಡುವ ಬಿಗ್ ಟೆನ್ ಗುಂಪಿನ ಫೈನಲ್‌ನಲ್ಲಿ. ವಿಸ್ಕಾನ್ಸಿನ್ ವಿರುದ್ಧ ಫಲಿತಾಂಶ 59-0. ನಂತರ ಸೀಸನ್ ಕೊನೆಯ ಬೌಲ್ ಪಂದ್ಯಗಳಲ್ಲೊಂದಾದ ಶುಗರ್ ಬೌಲ್‌ನಲ್ಲಿ ಅಲಬಾಮಾ ಮೇಲೆ 42-35, 2015ರ ಜನವರಿ 12ರಂದು ಒರೆಗಾನ್ ಮೇಲೆ 42-20. ಮೂರೇ ಮೂರು ಪಂದ್ಯ, ರಾಷ್ಟ್ರೀಯ ಚಾಂಪಿಯನ್ ಪಟ್ಟ.

ಸಾಮಾನ್ಯವಾಗಿ ಕಥೆ ಹೇಳುವವರು ಇಲ್ಲಿಗೇ ನಿಲ್ಲಿಸುತ್ತಾರೆ. ಆ ಮೂರು ಪಂದ್ಯಗಳಲ್ಲಿ ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್ ಎಜೀಕಿಯಲ್ ಎಲಿಯಟ್ ಓಡಿದ ದೂರ ನೋಡಿ: 220, 230, 246 ಯಾರ್ಡ್. ಇನ್ನೊಂದು ಸಂಗತಿ, ವರ್ಜೀನಿಯಾ ಟೆಕ್ ಎದುರು ಬ್ಯಾರೆಟ್‌ನನ್ನು ಎದುರಾಳಿಗಳು ಏಳು ಸಲ ಕೆಡವಿದ್ದರು. ಅವನ ಮುಂದೆ ಗೋಡೆಯಾಗಿ ನಿಲ್ಲಬೇಕಾದ ಐವರಲ್ಲಿ ನಾಲ್ವರು ಆ ವರ್ಷ ಹೊಸಬರು. ಡಿಸೆಂಬರ್ ಹೊತ್ತಿಗೆ ಅದೇ ಐವರು ಪಳಗಿದ್ದರು. ಬ್ಯಾರೆಟ್‌ಗೆ ಸಿಕ್ಕಿದ್ದು ಹಸಿ ಗೋಡೆ, ಜೋನ್ಸ್‌ಗೆ ಸಿಕ್ಕಿದ್ದು ಒಣಗಿ ಗಟ್ಟಿಯಾದ ಗೋಡೆ. ಜೋನ್ಸ್ ಚೆನ್ನಾಗಿ ಆಡಲಿಲ್ಲ ಎಂದಲ್ಲ. ವಿಸ್ಕಾನ್ಸಿನ್ ಎದುರು ಡೆವಿನ್ ಸ್ಮಿತ್‌ಗೆ ಮೂರು ಟಚ್‌ಡೌನ್ ಎಸೆದ ತೋಳು ಅವನದೇ. ಆದರೆ ಮೂರನೆಯವನನ್ನು ಕಣ್ಣು ಮುಚ್ಚಿ ನಂಬಿದರೆ ಕಪ್ ಬರುತ್ತದೆ ಎಂಬ ಪಾಠ ಇದರಲ್ಲಿಲ್ಲ.

ಯಾಕೆಂದರೆ 2007ರ ಒರೆಗಾನ್ ಕೂಡ ಇದೆ. ದೇಶದಲ್ಲಿ ಎರಡನೇ ರ‍್ಯಾಂಕ್‌ನಲ್ಲಿದ್ದ ತಂಡ. ನವೆಂಬರ್ 15ರಂದು ಅರಿಜೋನಾದಲ್ಲಿ ಡೆನ್ನಿಸ್ ಡಿಕ್ಸನ್‌ನ ಮೊಣಕಾಲು ಕುಸಿಯಿತು. ಆ ಪಂದ್ಯ ಹೋಯಿತು. ಮುಂದಿನದರಲ್ಲಿ ಯುಸಿಎಲ್‌ಎ ಎದುರು 16-0, ಒಂದು ಪಾಯಿಂಟೂ ಇಲ್ಲ. ಅದರ ಮುಂದಿನದನ್ನು ಒರೆಗಾನ್ ಸ್ಟೇಟ್ ಗೆದ್ದುಕೊಂಡಿತು. ಸೀಸನ್ ಮುಗಿಯಿತು ಎಂದವರ ಮಾತು ಅಲ್ಲಿಗೆ ಅಕ್ಷರಶಃ ನಿಜ. ಆದರೆ ಡಿಸೆಂಬರ್ 31ರ ಸನ್ ಬೌಲ್‌ಗೆ ಬನ್ನಿ. ಅಲ್ಲಿ ಜೀವನದ ಮೊದಲ ಸ್ಟಾರ್ಟ್ ಆಡಿದ ಹೊಸ ಹುಡುಗ ಜಸ್ಟಿನ್ ರೋಪರ್ ಇದ್ದ ಅದೇ ಒರೆಗಾನ್ ಸೌತ್ ಫ್ಲೋರಿಡಾವನ್ನು 56-21ರಿಂದ ಬಡಿಯಿತು. ಐದೇ ವಾರದ ಹಿಂದೆ ಸೊನ್ನೆ ಸುತ್ತಿದ್ದ ತಂಡ ಅದು. ನಡುವೆ ಬದಲಾದದ್ದು ಏನು? ಬೌಲ್ ಪಂದ್ಯಕ್ಕೆ ಮೊದಲು ಹೆಚ್ಚುಕಡಿಮೆ ಒಂದು ತಿಂಗಳ ಬಿಡುವು ಸಿಕ್ಕಿತ್ತು. ಸ್ಟಾರ್ಟರ್ ಯಾರು ಎಂದು ಮೊದಲೇ ಗೊತ್ತಿದ್ದು, ಅವನಿಗೆ ಹೊಂದುವಂತೆ ಆಟ ಕಟ್ಟಲು ಪುರುಸೊತ್ತು ಇತ್ತು. ರನ್ನಿಂಗ್ ಬ್ಯಾಕ್ ಜೊನಾಥನ್ ಸ್ಟೂವರ್ಟ್ ಒಬ್ಬನೇ 253 ಯಾರ್ಡ್ ಓಡಿದ.

ತಪ್ಪು ಕಲ್ಪನೆ: ವರ್ಷವಿಡೀ ತಂಡದ ಜೊತೆಗಿದ್ದವನಿಗೆ ಎಲ್ಲ ಗೊತ್ತಿರುತ್ತದೆ

ಗೊತ್ತಿರುವುದು ಬೇರೆ, ಮಾಡಿ ಅಭ್ಯಾಸವಾಗಿರುವುದು ಬೇರೆ. ಸೀಸನ್ ನಡೆಯುವಾಗ ಕಾಲೇಜು ಆಟಗಾರರ ಕಡ್ಡಾಯ ತರಬೇತಿಗೆ ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಎನ್‌ಸಿಎಎ ಹಾಕಿರುವ ಮಿತಿ ವಾರಕ್ಕೆ 20 ಗಂಟೆ. ಮೀಟಿಂಗು, ಜಿಮ್ಮು, ವಿಡಿಯೊ ನೋಡುವುದು ಎಲ್ಲ ಅದರೊಳಗೇ ಬರಬೇಕು. ಮೈದಾನದಲ್ಲಿ ಉಳಿಯುವ ಸ್ವಲ್ಪ ಹೊತ್ತಿನಲ್ಲಿ ಮೊದಲ ತಂಡದ ಜೊತೆ ಚೆಂಡು ಹಿಡಿಯುವ ಅವಕಾಶದ ಬಹುಪಾಲು ಸ್ಟಾರ್ಟರ್‌ಗೇ ಹೋಗುತ್ತದೆ, ಹೋಗಬೇಕು ಕೂಡ, ಶನಿವಾರ ಆಡಬೇಕಾದವನು ಅವನೇ ತಾನೆ. ಎರಡನೆಯವನು ಪಕ್ಕದಲ್ಲಿ ನಿಂತು ನೋಡುತ್ತಾನೆ. ಮೂರನೆಯವನ ಗತಿ ಇನ್ನೂ ವಿಚಿತ್ರ. ಅವನನ್ನು ಸಾಮಾನ್ಯವಾಗಿ ಸ್ಕೌಟ್ ಟೀಮಿಗೆ ಹಾಕುತ್ತಾರೆ. ಅಂದರೆ ಮುಂದಿನ ವಾರದ ಎದುರಾಳಿ ಹೇಗೆ ಆಡುತ್ತದೋ ಹಾಗೆ ಆಡಿ ತೋರಿಸಿ, ತನ್ನ ತಂಡದ ಡಿಫೆನ್ಸ್‌ಗೆ ಅಭ್ಯಾಸ ಮಾಡಿಸುವ ಕೆಲಸ. ವರ್ಷವಿಡೀ ಬೇರೆಯವರ ಆಟ ಆಡಿದವನನ್ನು ಒಂದು ದಿನ ಇದ್ದಕ್ಕಿದ್ದಂತೆ ಕರೆದು ನಿನ್ನದೇ ತಂಡದ ಆಟ ಆಡು ಎನ್ನುತ್ತೇವೆ.

ಎಡವಟ್ಟು ಆಗುವುದು ದೊಡ್ಡ ವಿಷಯಗಳಲ್ಲಲ್ಲ. ಸ್ನ್ಯಾಪ್‌ಗೆ, ಅಂದರೆ ಚೆಂಡು ಕೈಗೆ ಬರುವುದಕ್ಕೆ, ಮೊದಲು ಅವನು ಕೂಗುವ ಲಯಕ್ಕೆ ಮುಂದಿನ ಸಾಲಿನ ಕಿವಿ ಪಳಗಿರುವುದಿಲ್ಲ, ಒಬ್ಬ ಅರ್ಧ ಸೆಕೆಂಡ್ ಮೊದಲೇ ಅಲುಗಾಡಿ ಐದು ಯಾರ್ಡ್ ದಂಡ ಬೀಳುತ್ತದೆ. ಎಸೆತ ಹಿಡಿಯಬೇಕಾದ ರಿಸೀವರ್ ತಿರುಗಿ ನೋಡುವಷ್ಟರಲ್ಲಿ ಚೆಂಡು ಕಿವಿಯ ಪಕ್ಕ ಹಾದುಹೋಗಿರುತ್ತದೆ. ಹೊಸಬ ಎಡಗೈಯವನಾಗಿದ್ದರಂತೂ ಲೈನಿನವರಿಗೆ ಲೆಕ್ಕವೇ ತಿರುಗುಮುರುಗು, ಏಕೆಂದರೆ ಅವನ ಕಣ್ಣಿಗೆ ಕಾಣದ ಬೆನ್ನಿನ ಕಡೆ ಎಂಬುದೇ ಈಗ ಬಲಕ್ಕೆ ಬಂತು. 2024ರಿಂದ ಕೋಚ್ ನೇರವಾಗಿ ಕ್ವಾರ್ಟರ್‌ಬ್ಯಾಕ್ ಹೆಲ್ಮೆಟ್ಟಿನೊಳಗೆ ಮಾತನಾಡಲು ದೊಡ್ಡ ತಂಡಗಳಿಗೆ ಅನುಮತಿ ಸಿಕ್ಕಿದೆ, ಬದಲಿ ಆಟಗಾರರಿಗೆ ಅದೊಂದು ದೊಡ್ಡ ಆಸರೆ. ಆದರೆ ಪ್ರತಿ ಪ್ಲೇ ಶುರುಮಾಡಲು ಕೊಡುವ ಗಡಿಯಾರದಲ್ಲಿ 15 ಸೆಕೆಂಡ್ ಉಳಿದಾಗ ಆ ದನಿ ಕಡಿತವಾಗುತ್ತದೆ. ನಿಜವಾಗಿ ದನಿ ಬೇಕಾಗುವುದು ಆಮೇಲೆ.

ತಪ್ಪು ಕಲ್ಪನೆ: ಕೋಚ್ ಆಟವನ್ನು ಚಿಕ್ಕದು ಮಾಡಿದರೆ ಹುಡುಗನ ಮೇಲೆ ನಂಬಿಕೆ ಇಲ್ಲವೆಂದೇ ಅರ್ಥ

ಟಿವಿ ಮುಂದೆ ಕೂತವರ ದೊಡ್ಡ ದೂರು ಇದು: 'ಎಸೆಯಲು ಬಿಡಿ ಅವನಿಗೆ!' ಬಿಟ್ಟಾಗ ಏನಾಗುತ್ತದೆ ಎಂಬುದಕ್ಕೆ 2010ರ ಜನವರಿ 7ರ ರಾಷ್ಟ್ರೀಯ ಫೈನಲ್ ಇದೆ. ಟೆಕ್ಸಾಸ್‌ನ ಕೋಲ್ಟ್ ಮಕಾಯ್ ಆಟ ಶುರುವಾಗಿ ಕೆಲವೇ ನಿಮಿಷಗಳಲ್ಲಿ ಅಲಬಾಮಾದ ಮಾರ್ಸೆಲ್ ಡೇರಿಯಸ್ ಕೊಟ್ಟ ಏಟಿಗೆ ಎಸೆಯುವ ತೋಳಿನ ಸ್ಪರ್ಶವನ್ನೇ ಕಳೆದುಕೊಂಡ. ಒಳಗೆ ಬಂದವನು ಆ ವರ್ಷವಷ್ಟೇ ಕಾಲೇಜು ಸೇರಿದ್ದ ಗ್ಯಾರೆಟ್ ಗಿಲ್ಬರ್ಟ್. ಅರ್ಧ ಸಮಯಕ್ಕೆ ಇನ್ನೇನು ಕೆಲವು ಸೆಕೆಂಡ್ ಬಾಕಿ ಎನ್ನುವಾಗ ಅವನಿಂದ ಒಂದು ಪುಟ್ಟ ತಳ್ಳು-ಪಾಸ್ ಮಾಡಿಸಿದರು. ಚೆಂಡು ಪುಟಿದು ಅದೇ ಡೇರಿಯಸ್ ಕೈಸೇರಿತು. ಭಾರೀ ಗಾತ್ರದ ಆ ಡಿಫೆನ್ಸ್ ಆಟಗಾರ ಅದನ್ನು ಹಿಡಿದು ಓಡಿ ಟಚ್‌ಡೌನ್ ಮಾಡಿಬಿಟ್ಟ. ಸ್ಕೋರು 24-6. ಸುಮ್ಮನೆ ಮಂಡಿಯೂರಿ ಒಳಗೆ ಹೋಗಬಹುದಿತ್ತಲ್ಲ ಎಂದು ಟೆಕ್ಸಾಸಿಗರು ಇವತ್ತಿಗೂ ಕೈ ಹಿಸುಕಿಕೊಳ್ಳುತ್ತಾರೆ. ದ್ವಿತೀಯಾರ್ಧದಲ್ಲಿ ಅದೇ ಗಿಲ್ಬರ್ಟ್ ಜೋರ್ಡನ್ ಶಿಪ್ಲೆಗೆ ಎರಡು ಟಚ್‌ಡೌನ್ ಎಸೆದು 24-21ಕ್ಕೆ ತಂದು ನಿಲ್ಲಿಸಿದ. ಕೊನೆಗೆ 37-21, ಅಲಬಾಮಾ ಗೆದ್ದಿತು. ಹಿಂದೆ ಬಿದ್ದಿದ್ದರಿಂದ ಅವನು 40 ಸಲ ಎಸೆಯಬೇಕಾಯಿತು, ಅದರಲ್ಲಿ ನಾಲ್ಕು ಎದುರಾಳಿ ಪಾಲಾದವು. ಹುಡುಗನಲ್ಲಿ ಕೆಚ್ಚಿರಲಿಲ್ಲ ಎನ್ನಲು ಸಾಧ್ಯವೇ ಇಲ್ಲ. ಅವನ ಮೇಲೆ ಹೇರಿದ ಹೊರೆ ಹೆಚ್ಚಾಗಿತ್ತು.

ಇದರ ತದ್ವಿರುದ್ಧ 2023ರ ಡಿಸೆಂಬರ್ 2ರ ಫ್ಲೋರಿಡಾ ಸ್ಟೇಟ್. ಜೋರ್ಡನ್ ಟ್ರಾವಿಸ್ ಕಾಲು ಮುರಿದುಕೊಂಡಿದ್ದ, ಎರಡನೆಯವನಾದ ಟೇಟ್ ರೋಡ್‌ಮೇಕರ್‌ಗೆ ತಲೆಗೆ ಏಟು. ಎಸಿಸಿ ಗುಂಪಿನ ಫೈನಲ್‌ಗೆ ಉಳಿದವನು ಮೂರನೆಯವನು, ಬ್ರಾಕ್ ಗ್ಲೆನ್. ಅವನು ಎಸೆದದ್ದು 21, ಗುರಿ ಮುಟ್ಟಿದ್ದು 8, ಒಟ್ಟು 55 ಯಾರ್ಡ್. ನೋಡಲು ಬೇಜಾರಾಗುವ ಆಟ, ಒಪ್ಪುತ್ತೇನೆ. ಓಟವನ್ನು ಲಾರೆನ್ಸ್ ಟೊಫಿಲಿ ಹೊತ್ತ, ಲೂಯಿವಿಲ್‌ಗೆ ಒಂದು ಟಚ್‌ಡೌನ್ ಕೂಡ ಕೊಡದೆ ಡಿಫೆನ್ಸ್ ಕಟ್ಟಿಹಾಕಿತು. 16-6ರಿಂದ ಗೆಲುವು. ಕೋಚ್ ಮೈಕ್ ನಾರ್ವೆಲ್ ಆ ಹುಡುಗನಿಂದ ಅಂದು ಸಾಧ್ಯವಿದ್ದಷ್ಟನ್ನೇ ಕೇಳಿದರು. ನನಗೆ ಅದು ಅಪನಂಬಿಕೆಯಾಗಿ ಕಾಣುವುದಿಲ್ಲ.

ತಪ್ಪು ಕಲ್ಪನೆ: ಬ್ಯಾಕಪ್ ಎಂದರೆ ಎರಡನೇ ದರ್ಜೆಯ ಮಾಲು

2018ರ ಡಿಸೆಂಬರ್ 1ರಂದು ಟುವಾ ಟಾಗೊವೈಲೋವಾ ಕಣಕಾಲು ಉಳುಕಿಸಿಕೊಂಡಾಗ ಅಲಬಾಮಾದ ಬೆಂಚಿನಲ್ಲಿದ್ದವನು ಜೇಲನ್ ಹರ್ಟ್ಸ್. ಅದಕ್ಕೆ ಮುಂಚಿನ ಎರಡು ವರ್ಷ ಸ್ಟಾರ್ಟರ್ ಆಗಿ 26 ಗೆದ್ದು 2 ಸೋತವನು. ಜಾರ್ಜಿಯ 28-21ರಿಂದ ಮುಂದಿದ್ದ ಪಂದ್ಯವನ್ನು 35-28ಕ್ಕೆ ತಿರುಗಿಸಿ ಕೊಟ್ಟ. ಆದರೆ ಅಂಥ ಬ್ಯಾಕಪ್ ಈಗ ಸಿಗುವುದು ಕಷ್ಟ. ಹರ್ಟ್ಸ್ ಮರುವರ್ಷವೇ ಓಕ್ಲಹೋಮಾಗೆ ಹೋದ. 2021ರಿಂದ ಆಟಗಾರರು ಒಂದು ವರ್ಷ ಕಾಯದೆ ಕಾಲೇಜು ಬದಲಿಸಬಹುದು ಎಂದಾದ ಮೇಲೆ, ಎರಡನೇ ಸ್ಥಾನದಲ್ಲಿ ತಾಳ್ಮೆಯಿಂದ ಕೂರುವ ಪ್ರತಿಭಾವಂತರು ವಿರಳ. ಹತ್ತು ವರ್ಷ ಹಳೆಯ ಕಥೆ ಹೇಳಿ ಇಂದಿನ ಬೆಂಚನ್ನು ಅಳೆಯುವವರು ಇದನ್ನು ಲೆಕ್ಕಕ್ಕೆ ಹಿಡಿಯಬೇಕು.

ತಪ್ಪು ಕಲ್ಪನೆ: ಒಂದು ಪಂದ್ಯ ಸಾಕು, ಯೋಗ್ಯತೆ ಗೊತ್ತಾಗುತ್ತದೆ

2020ರಲ್ಲಿ ಟ್ರೆವರ್ ಲಾರೆನ್ಸ್‌ಗೆ ಕೋವಿಡ್ ಬಂದಾಗ ಕ್ಲೆಮ್ಸನ್ ಪರ ಆಡಿದ ಡಿ.ಜೆ. ಉಯಿಯಗಲೆಲೈ ನಾಟ್ರ ಡೇಮ್ ಎದುರು 439 ಯಾರ್ಡ್ ಎಸೆದ. ತಂಡ ಸೋತರೂ ಮುಂದಿನ ತಾರೆ ಸಿಕ್ಕನೆಂದು ಎಲ್ಲರಿಗೂ ಖುಷಿ. ಮರುವರ್ಷ ಕಾಯಂ ಸ್ಟಾರ್ಟರ್ ಆದಾಗ ಇಡೀ ಸೀಸನ್ನಿನಲ್ಲಿ ಅವನ ಟಚ್‌ಡೌನ್ ಎಸೆತ 9, ಎದುರಾಳಿಗೆ ಕೊಟ್ಟದ್ದು 10. ಮ್ಯಾಕ್ ಜೋನ್ಸ್ ಕಥೆ ಉಲ್ಟಾ. 2019ರ ನವೆಂಬರ್‌ನಲ್ಲಿ ಟುವಾ ಸೊಂಟ ಮುರಿದುಕೊಂಡ ಮೇಲೆ ಬಂದವನು, ಆಬರ್ನ್ ಎದುರು ಅವನ ಎರಡು ಎಸೆತಗಳನ್ನು ಎದುರಾಳಿಗಳು ಹಿಡಿದು ಓಡಿ ಟಚ್‌ಡೌನ್ ಮಾಡಿದರು, ಅಲಬಾಮಾ 48-45ರಿಂದ ಸೋತಿತು. ಮರುವರ್ಷ ಅದೇ ಜೋನ್ಸ್ 13-0, ರಾಷ್ಟ್ರೀಯ ಚಾಂಪಿಯನ್. ಕಾರ್ಡೇಲ್ ಜೋನ್ಸ್ ಕೂಡ 2015ರಲ್ಲಿ ಸೀಸನ್ ನಡುವೆಯೇ ತನ್ನ ಜಾಗವನ್ನು ಬ್ಯಾರೆಟ್‌ಗೆ ಬಿಟ್ಟುಕೊಟ್ಟ.

ತಪ್ಪು ಕಲ್ಪನೆ: 63-3 ಬಂತಲ್ಲ, ಆಯ್ಕೆ ಸಮಿತಿ ಮಾಡಿದ್ದೇ ಸರಿ

ಲೂಯಿವಿಲ್‌ ಮೇಲೆ 2023ರಲ್ಲಿ ಗೆದ್ದ ಮರುದಿನ, 13-0 ಇದ್ದ ಫ್ಲೋರಿಡಾ ಸ್ಟೇಟ್‌ಗೆ ಐದನೇ ಸ್ಥಾನ ಕೊಟ್ಟು, ಒಂದು ಪಂದ್ಯ ಸೋತಿದ್ದ ಅಲಬಾಮಾವನ್ನು ಆಯ್ಕೆ ಸಮಿತಿ ರಾಷ್ಟ್ರೀಯ ಪಟ್ಟಕ್ಕಾಗಿ ನಡೆಯುವ ನಾಲ್ಕು ತಂಡಗಳ ಪ್ಲೇಆಫ್‌ಗೆ ಸೇರಿಸಿತು. ಕಾರಣ ಮುಚ್ಚಿಟ್ಟಿರಲಿಲ್ಲ: ಟ್ರಾವಿಸ್ ಇಲ್ಲದ ತಂಡ ಬೇರೆಯೇ ತಂಡ. ಮುಖ್ಯ ಆಟಗಾರ ಲಭ್ಯವಿಲ್ಲದಿರುವುದನ್ನು ಗಮನಿಸಬಹುದು ಎಂದು ನಿಯಮದಲ್ಲೂ ಇದೆ. ನಂತರ ಆರೆಂಜ್ ಬೌಲ್‌ನಲ್ಲಿ ಜಾರ್ಜಿಯ ಅವರನ್ನು 63-3ರಿಂದ ಚಚ್ಚಿದಾಗ ಸಮಿತಿಯ ಪರವಾದವರಿಗೆ ಪುರಾವೆ ಸಿಕ್ಕಂತಾಯಿತು. ಆದರೆ ಆ ದಿನ ಆಡದೆ ಹೊರಗುಳಿದವರು 20ಕ್ಕೂ ಹೆಚ್ಚು ಮಂದಿ. ಕೆಲವರು ಎನ್‌ಎಫ್‌ಎಲ್ ಕಡೆ ಮುಖ ಮಾಡಿದ್ದರು, ಕೆಲವರು ಬೇರೆ ಕಾಲೇಜಿನ ಕಡೆ, ರೋಡ್‌ಮೇಕರ್ ಕೂಡ ಅವರಲ್ಲೊಬ್ಬ. ಪ್ಲೇಆಫ್‌ಗೆ ಸೇರಿಸಿದ್ದರೆ ಆಡಬಹುದಾಗಿದ್ದ ತಂಡ ಅಲ್ಲಿ ಆಡಲೇ ಇಲ್ಲ. ಹಾಗಾಗಿ ಆ ಸ್ಕೋರಿನಿಂದ ಯಾವ ಕಡೆಗೂ ಏನೂ ಸಾಬೀತಾಗುವುದಿಲ್ಲ. ಗೆದ್ದ ಪಂದ್ಯಗಳನ್ನು ಬಿಟ್ಟು ಆಡದ ಪಂದ್ಯದ ಊಹೆಗೆ ಹೆಚ್ಚು ತೂಕ ಕೊಟ್ಟದ್ದು ನನಗಂತೂ ಸರಿ ಕಾಣಲಿಲ್ಲ.

ಮರುವರ್ಷ ಪ್ಲೇಆಫ್ 12 ತಂಡಗಳಿಗೆ ಹಿಗ್ಗಿತು. 2024ರ ಡಿಸೆಂಬರ್ 7ರ ಎಸ್‌ಇಸಿ ಗುಂಪಿನ ಫೈನಲ್‌ನಲ್ಲಿ ಜಾರ್ಜಿಯದ ಕಾರ್ಸನ್ ಬೆಕ್ ಮೊಣಕೈಗೆ ಪೆಟ್ಟಾಯಿತು, ಗನ್ನರ್ ಸ್ಟಾಕ್‌ಟನ್ ಬಂದ. ಓವರ್‌ಟೈಮ್‌ನಲ್ಲಿ ಸ್ಟಾಕ್‌ಟನ್ ಚೆಂಡು ಹಿಡಿದು ನುಗ್ಗಿದಾಗ ಬಿದ್ದ ಹೊಡೆತಕ್ಕೆ ಹೆಲ್ಮೆಟ್ ಹಾರಿಹೋಯಿತು. ಹಾಗಾದರೆ ಒಂದು ಪ್ಲೇ ಹೊರಗಿರಬೇಕು ಎಂಬುದು ನಿಯಮ. ಆ ಒಂದು ಪ್ಲೇಗಾಗಿ ಗಾಯಾಳು ಬೆಕ್ ತಾನೇ ಮರಳಿ ಬಂದು, ಚೆಂಡನ್ನು ಟ್ರೆವರ್ ಎಟಿಯೆನ್ ಕೈಗಿಟ್ಟ. ಟಚ್‌ಡೌನ್, ಟೆಕ್ಸಾಸ್ ಮೇಲೆ 22-19. ಈ ಸಲ ಸಮಿತಿ ಸ್ಟಾರ್ಟರ್ ಇಲ್ಲವೆಂದು ಜಾರ್ಜಿಯವನ್ನು ಕೆಳಗಿಳಿಸಲಿಲ್ಲ, ಎರಡನೇ ಸೀಡ್ ಕೊಟ್ಟಿತು. ಪ್ಲೇಆಫ್ ಪಂದ್ಯವಾದ ಶುಗರ್ ಬೌಲ್‌ನಲ್ಲಿ ನಾಟ್ರ ಡೇಮ್ 23-10ರಿಂದ ಗೆದ್ದಾಗ ಬೈಗುಳ ಬಿದ್ದದ್ದು ಸ್ಟಾಕ್‌ಟನ್‌ಗೆ. ಅರ್ಧ ಸಮಯದ ಆಚೀಚೆ 54 ಸೆಕೆಂಡಿನಲ್ಲಿ ಎದುರಾಳಿಗೆ 17 ಪಾಯಿಂಟ್ ಹೋಗಿದ್ದವು. ಅದರಲ್ಲಿ ಏಳು ಅವನ ಕೈಜಾರಿದ ಚೆಂಡಿನಿಂದ, ಇನ್ನೇಳು ಅವನು ಮೈದಾನದಲ್ಲೇ ಇಲ್ಲದಾಗ, ಕಿಕ್‌ಆಫ್ ಹಿಡಿದು ಎದುರಾಳಿ 98 ಯಾರ್ಡ್ ಓಡಿದ್ದರಿಂದ. ಬೆಕ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮಯಾಮಿಗೆ ಹೋದ. 2025ರಲ್ಲಿ ಜಾರ್ಜಿಯದ ಸ್ಟಾರ್ಟರ್ ಸ್ಟಾಕ್‌ಟನ್.