ಫಾಲ್ಸ್ ಕ್ರೀಕ್‌ನಲ್ಲಿ ಹುಟ್ಟು ಹಾಕುವ ಕೈಗಳು

ಕೆನಡಾದ ವ್ಯಾಂಕೂವರ್‌ನಲ್ಲಿ ಸೈನ್ಸ್ ವರ್ಲ್ಡ್‌ನ ದುಂಡು ಗುಮ್ಮಟವನ್ನು ಹಿಂದೆ ಬಿಟ್ಟು ಸೀವಾಲ್ ಕಾಲುದಾರಿಯಲ್ಲಿ ಪಶ್ಚಿಮಕ್ಕೆ ನಡೆದರೆ, ಬಲಗಡೆ ಊರೊಳಕ್ಕೆ ಚಾಚಿಕೊಂಡ ಕಡಲು. ಅದೇ ಫಾಲ್ಸ್ ಕ್ರೀಕ್. ಎಡಗಡೆ ಕ್ರೀಕ್‌ಸೈಡ್ ಸಮುದಾಯ ಭವನ. ಅದರೆದುರಿನ ತೇಲುಕಟ್ಟೆಯಲ್ಲಿ ಡ್ರ್ಯಾಗನ್ ದೋಣಿಗಳು ಸಾಲಾಗಿ ನಿಂತಿವೆ. ಒಂದೊಂದಕ್ಕೂ ಜೋಡಿಜೋಡಿಯಾಗಿ ಕೂತು ಹುಟ್ಟು ಹಾಕುವ 20 ಮಂದಿ ಬೇಕು. ಮುಂದೆ ನಗಾರಿಯವರು, ಹಿಂದೆ ಚುಕ್ಕಾಣಿಯವರು. 1986ರ ಎಕ್ಸ್‌ಪೋ ವಿಶ್ವಮೇಳದ ಹೊತ್ತಿಗೆ ಹಾಂಗ್‌ಕಾಂಗ್‌ನಿಂದ ಬಂದ ದೋಣಿಗಳು ಈ ಆಟವನ್ನು ಇಲ್ಲಿ ಬೇರೂರಿಸಿದವು.

ನಾನು ಹುಡುಕಿಕೊಂಡು ಬಂದದ್ದು, ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿಸಿ ಈ ದೋಣಿಗಳಲ್ಲಿ ಹುಟ್ಟು ಹಾಕುವ ಗುಲಾಬಿ ಅಂಗಿಯವರ ಕಥೆಯನ್ನು. ಸ್ತನ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಕಂಕುಳಿನ ದುಗ್ಧರಸ ಗ್ರಂಥಿಗಳನ್ನು ತೆಗೆದಾಗ ಅಥವಾ ಅವುಗಳಿಗೆ ವಿಕಿರಣ ಕೊಟ್ಟಾಗ, ದ್ರವ ಸರಾಗವಾಗಿ ಹರಿಯದೆ ಕೆಲವರ ಕೈ ಬಾತುಕೊಳ್ಳುತ್ತದೆ. ಅದು ಲಿಂಫಡೀಮಾ. ಆ ಭಯಕ್ಕೆ ವೈದ್ಯರು ಬಹುಕಾಲ ಹೇಳುತ್ತಿದ್ದದ್ದು ಒಂದೇ ಮಾತು: ಆ ಕೈಯಿಂದ ಭಾರ ಎತ್ತಬೇಡಿ, ದುಡಿಯಬೇಡಿ. ನಮ್ಮ ಕಡೆಯೂ ಇದೇ ಮಾತು ಕೇಳಿದ್ದೇನೆ. ಕೊಡ ಹೊರುವ, ಕಂಕುಳಲ್ಲಿ ಕೂಸು ಎತ್ತುವ ಹೆಣ್ಣಿಗೆ ಹಾಗೆಂದರೆ ಅವಳ ದಿನದ ಅರ್ಧ ಬದುಕನ್ನೇ ಕಿತ್ತುಕೊಂಡಂತೆ.

ಇಲ್ಲಿನ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಕ್ರೀಡಾವೈದ್ಯ ಡಾನ್ ಮೆಕೆಂಜಿ ಅವರಿಗೆ ಈ ಎಚ್ಚರಿಕೆಯ ಬುಡದಲ್ಲಿ ಪುರಾವೆ ಕಾಣಲಿಲ್ಲ. 1996ರಲ್ಲಿ, ಚಿಕಿತ್ಸೆ ಮುಗಿಸಿದ 24 ಮಹಿಳೆಯರು ಅವರ ಜೊತೆ ನಿಂತರು. ಮೊದಲು ವ್ಯಾಯಾಮಶಾಲೆಯಲ್ಲಿ ಮೆಲ್ಲಗೆ ಮೈ ಹದಗೊಳಿಸಿ, ಆಮೇಲೆ ಡ್ರ್ಯಾಗನ್ ದೋಣಿಯೇರಿ ನೀರಿಗಿಳಿದರು. ತಂಡಕ್ಕೆ 'ಅಬ್ರೆಸ್ಟ್ ಇನ್ ಎ ಬೋಟ್' ಎಂದು ಹೆಸರಾಯಿತು. ಹಂಗಾಮು ಮುಗಿದಾಗ ಒಬ್ಬರಿಗೂ ಹೊಸದಾಗಿ ಬಾವು ಬಂದಿರಲಿಲ್ಲ, ಮೊದಲೇ ಇದ್ದವರದ್ದು ಉಲ್ಬಣಿಸಿರಲಿಲ್ಲ. ಇಪ್ಪತ್ನಾಲ್ಕೇ ಜನರಿಂದ ವೈದ್ಯಶಾಸ್ತ್ರ ತೀರ್ಮಾನಕ್ಕೆ ಬರಲಾಗದು, ನಿಜ. ಆದರೆ 2009ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೂ, ಕ್ರಮೇಣ ಹೆಚ್ಚಿಸುತ್ತ ಹೋಗುವ ಭಾರ ಎತ್ತುವಿಕೆ ಬಾವನ್ನು ಹೆಚ್ಚಿಸದು ಎಂದಿತು.

ಕಟ್ಟೆಯ ಮೇಲೆ ನಿಂತಾಗ ನನ್ನನ್ನು ಹಿಡಿದಿಟ್ಟದ್ದು ಈ ಮಹಿಳೆಯರು ಒಬ್ಬರಿಗೊಬ್ಬರು ಕೊಡುವ ಆಸರೆಯ ಬಗೆ. ಇಲ್ಲಿ ಯಾರೂ ಅಳಲನ್ನು ಬಿಚ್ಚಿಡಬೇಕಾಗಿಲ್ಲ. ಪಕ್ಕದವಳ ಎದೆಯ ಮೇಲೂ ಅದೇ ಗಾಯದ ಗುರುತಿದೆ, ಅವಳೂ ನಿಮ್ಮ ಲಯಕ್ಕೇ ಹುಟ್ಟು ಹಾಕುತ್ತಾಳೆ. ಹೇಳಬೇಕೆನಿಸಿದರೆ ಹೇಳಬಹುದು. ಕೈಯನ್ನು ಕಾಪಾಡಿಕೊಳ್ಳುವ ಪಾಠಗಳೂ ಹೀಗೇ ಒಬ್ಬರಿಂದೊಬ್ಬರಿಗೆ ಸಾಗುತ್ತವೆ: ಟೇಪಿನಿಂದ ಎರಡೂ ತೋಳುಗಳ ಸುತ್ತಳತೆ ಹೋಲಿಸಿ ನೋಡುವುದು, ಚರ್ಮ ಬಿರಿಯದಂತೆ ಎಣ್ಣೆಯೋ ಕ್ರೀಮೋ ಹಚ್ಚುವುದು, ಸಣ್ಣ ತರಚುಗಾಯವನ್ನೂ ಕಡೆಗಣಿಸದಿರುವುದು. ಕೈ ಕೆಂಪಾಗಿ, ಬಿಸಿಯಾಗಿ, ಜ್ವರ ಬಂದರೆ ನಾಳೆಗೆ ತಳ್ಳದೆ ಅಂದೇ ವೈದ್ಯರನ್ನು ಕಾಣುವುದು.

ಈ ಗುಲಾಬಿ ತಂಡಗಳು ಇಂದು ಹಲವು ದೇಶಗಳಲ್ಲಿವೆ. ಅವುಗಳ ಅಂತರರಾಷ್ಟ್ರೀಯ ಒಕ್ಕೂಟ 2010ರಲ್ಲಿ ರೂಪುಗೊಂಡಿತು. ನಮ್ಮೂರಿಗೆ ದೋಣಿಯೇ ಬೇಕೆಂದು ನಾನು ಕೇಳುತ್ತಿಲ್ಲ. ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಹೊರಟವಳ ಬಳಿ, ಐದು ವರ್ಷದ ಹಿಂದೆ ಅದೇ ಬಾಗಿಲಿನಿಂದ ಹೊರಟಿದ್ದ ಒಬ್ಬಳು ಬಂದು ನಿಲ್ಲಲಿ. ಗೋಡೆಗೆ ಬೆರಳೂರಿ ಕೈಯನ್ನು ಇಂಚಿಂಚಾಗಿ ಮೇಲೇರಿಸುವ ವ್ಯಾಯಾಮವನ್ನು ತಾನೇ ಮಾಡಿ ತೋರಿಸಲಿ, ತನ್ನ ಫೋನ್ ನಂಬರ್ ಬರೆದುಕೊಡಲಿ.